ತಲೆಪಾಗಿಗೆ ಹೋಗದೆ ಉಳಿದ ನೋವು

ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದವರು ಜೀವ ಉಳಿಸಿಕೊಂಡು ಮನೆಗೆ ಮರಳಿದಾಗ ‘ತಲೆಗೆ ಬಂದದ್ದು ತಲೆಪಾಗಿಗೆ ಹೋಯಿತು’ ಎಂಬ ಗಾದೆಯನ್ನು ಹೇಳಿ ಸಮಾಧಾನ ಪಡುವುದು ಕನ್ನಡ ನಾಡಿನ ರೂಢಿ. ಆದರೆ ಹೊಲಿಗೆ ಬಿಚ್ಚಿ, ಗಾಯ ಮಾಯ್ದು, ಸ್ಕ್ಯಾನಿನಲ್ಲಿ ಏನೂ ದೋಷವಿಲ್ಲವೆಂದು ವರದಿ ಬಂದ ಮೇಲೂ ತಿಂಗಳುಗಟ್ಟಲೆ ಬಿಡದೆ ಕಾಡುವ ತಲೆನೋವು ಈ ಗಾದೆಯ ಲೆಕ್ಕಕ್ಕೆ ಸಿಗುವುದಿಲ್ಲ. ಗಾಯವೇ ಇಲ್ಲದ ಮೇಲೆ ನೋವೇಕೆ, ಒಳಗೆ ಎಲ್ಲಿಯಾದರೂ ರಕ್ತ ಹೆಪ್ಪುಗಟ್ಟಿರಬಹುದೇ, ಎಷ್ಟು ದಿನ ಮಾತ್ರೆ ನುಂಗುವುದು, ಇನ್ನೊಮ್ಮೆ ಸ್ಕ್ಯಾನ್ ಮಾಡಿಸಬೇಕೇ ಎಂದು ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳೆಲ್ಲ ಈ ಒಂದು ಗೊಂದಲದಿಂದಲೇ ಹುಟ್ಟುತ್ತವೆ. ಇವುಗಳಿಗೆ ವೈದ್ಯಶಾಸ್ತ್ರದಲ್ಲಿ ಸಾಕಷ್ಟು ಸ್ಪಷ್ಟವಾದ ಉತ್ತರಗಳಿವೆ. ಆ ಉತ್ತರಗಳು ಯಂತ್ರದ ಚಿತ್ರಕ್ಕಿಂತ ಹೆಚ್ಚಾಗಿ ದಿನಗಳ ಎಣಿಕೆಯನ್ನು ಆಧರಿಸಿವೆ ಎಂಬುದು ಬಹುಮಂದಿಯ ಗಮನಕ್ಕೆ ಬಂದಿಲ್ಲ.

ಈಚೆಗೆ ಬೆಂಗಳೂರು ದಕ್ಷಿಣ ಎಂದು ಮರುನಾಮಕರಣಗೊಂಡ ರಾಮನಗರ ಜಿಲ್ಲೆಯಲ್ಲಿ, ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ ಹೋಬಳಿ ಕಾವೇರಿ ಕಣಿವೆಯ ಕಾಡಿಗೆ ಸಮೀಪದಲ್ಲಿದ್ದು, ರಾಗಿ, ತೆಂಗು, ಹಿಪ್ಪುನೇರಳೆ ಮತ್ತು ರೇಷ್ಮೆ ಹುಳು ಸಾಕಣೆಗಳ ಮೇಲೆ ಬದುಕುವ ಸೀಮೆಯಾಗಿದೆ. ಇಂತಹ ಕಡೆ ತಲೆಗೆ ಪೆಟ್ಟು ಬೀಳುವ ದಾರಿಗಳು ನಗರದವಕ್ಕಿಂತ ಭಿನ್ನ. ಒಕ್ಕಣೆಗೆಂದು ರಸ್ತೆಯ ಮೇಲೆ ಹರಡಿದ ಹುಲ್ಲಿನಲ್ಲಿ ಬೈಕು ಜಾರುವುದು, ಹುಣಸೆ ಬಡಿಯಲು ಹತ್ತಿದವರ ಕಾಲಡಿಯ ಕೊಂಬೆ ಮುರಿಯುವುದು, ತೆಂಗಿನ ಮರದ ಕೆಳಗೆ ನಿಂತವರ ಮೇಲೆ ಕಾಯಿ ಬೀಳುವುದು, ರಾತ್ರಿ ಹೊಲ ಕಾಯುವಾಗ ಆನೆಯ ಸದ್ದಿಗೆ ಬೆಚ್ಚಿ ಓಡಿ ಬದುವಿನ ಮೇಲೆ ಮುಗ್ಗರಿಸುವುದು, ವಯಸ್ಸಾದವರು ಬಚ್ಚಲುಮನೆಯಲ್ಲಿ ಜಾರುವುದು ಇವೆಲ್ಲ ಹಳ್ಳಿಯ ಬಾಳಿನೊಳಗಿನ ಅಪಾಯಗಳೇ ಆಗಿವೆ. ಇವುಗಳಲ್ಲಿ ಹೆಚ್ಚಿನವು ಪ್ರಜ್ಞೆ ತಪ್ಪಿಸುವಷ್ಟು ದೊಡ್ಡ ಪೆಟ್ಟುಗಳಲ್ಲವಾದ್ದರಿಂದ ಬಿದ್ದವರು ಧೂಳು ಕೊಡವಿಕೊಂಡು ಎದ್ದು ಕೆಲಸಕ್ಕೆ ಹೋಗುತ್ತಾರೆ. ಮೂರು ತಿಂಗಳ ನಂತರವೂ ಉಳಿದ ತಲೆನೋವನ್ನು ಆ ಹಳೆಯ ಬೀಳುವಿಕೆಯೊಂದಿಗೆ ಜೋಡಿಸಿ ನೋಡುವುದು ಅವರಿಗಾಗಲಿ ಮನೆಯವರಿಗಾಗಲಿ ತೋಚುವುದಿಲ್ಲ.

ಆದ್ದರಿಂದ ಈ ನೋವನ್ನು ವೈದ್ಯರು ಹೇಗೆ ಗುರುತಿಸುತ್ತಾರೆ ಎಂಬುದನ್ನು ಮೊದಲು ತಿಳಿಯಬೇಕು. ಅಂತರರಾಷ್ಟ್ರೀಯ ತಲೆನೋವು ಸಂಘದ ವರ್ಗೀಕರಣದ 2018ರ ಮೂರನೆಯ ಆವೃತ್ತಿಯ ಪ್ರಕಾರ, ತಲೆಗೆ ಪೆಟ್ಟು ಬಿದ್ದ ಅಥವಾ ಆ ಪೆಟ್ಟಿನಿಂದ ತಪ್ಪಿದ ಪ್ರಜ್ಞೆ ಮರಳಿದ 7 ದಿನಗಳ ಒಳಗೆ ಕಾಣಿಸಿಕೊಂಡ ತಲೆನೋವನ್ನು ಪೆಟ್ಟಿಗೆ ಸಂಬಂಧಿಸಿದ ತಲೆನೋವೆಂದು ಪರಿಗಣಿಸಲಾಗುತ್ತದೆ. ಅದು 3 ತಿಂಗಳ ಒಳಗೆ ಕಡಿಮೆಯಾದರೆ ತಾತ್ಕಾಲಿಕ, 3 ತಿಂಗಳು ಮೀರಿಯೂ ಉಳಿದರೆ ನಿರಂತರ. ಪೆಟ್ಟಿನ ತೀವ್ರತೆಯನ್ನು ಅಳೆಯಲು 1974ರಲ್ಲಿ ಗ್ಲಾಸ್ಗೋ ನಗರದ ನರಶಸ್ತ್ರವೈದ್ಯರು ರೂಪಿಸಿದ ಮಾಪಕವೊಂದು ಇಂದಿಗೂ ಬಳಕೆಯಲ್ಲಿದ್ದು, ಕಣ್ಣು ತೆರೆಯುವಿಕೆ, ಮಾತು ಮತ್ತು ಕೈಕಾಲುಗಳ ಚಲನೆಗೆ ಅಂಕ ಕೊಟ್ಟು ಒಟ್ಟು 3ರಿಂದ 15ರವರೆಗೆ ಎಣಿಸುವ ಆ ಮಾಪಕದಲ್ಲಿ 13ರಿಂದ 15 ಅಂಕ ಬಂದವರ ಪೆಟ್ಟನ್ನು ಸೌಮ್ಯ ಎನ್ನುತ್ತಾರೆ. ಇಲ್ಲಿ ಒಂದು ವಿಚಿತ್ರವಿದೆ: ಪೆಟ್ಟು ದೊಡ್ಡದಾದಷ್ಟೂ ನೋವು ದೀರ್ಘವಾಗಬೇಕೆಂದು ಎಲ್ಲರೂ ಊಹಿಸುತ್ತಾರಾದರೂ, ಬಿಡದೆ ಕಾಡುವ ತಲೆನೋವು ಸೌಮ್ಯ ಪೆಟ್ಟಿನವರಲ್ಲೇ ಹೆಚ್ಚಾಗಿ ಕಂಡುಬರುತ್ತದೆ. ಹೆಂಗಸರಿಗೂ, ಪೆಟ್ಟಿಗೆ ಮೊದಲೇ ತಲೆನೋವು ಇದ್ದವರಿಗೂ, ಆತಂಕ ಅಥವಾ ಖಿನ್ನತೆಯಿಂದ ಬಳಲಿದವರಿಗೂ ಅದರ ಸಾಧ್ಯತೆ ಇನ್ನಷ್ಟು. ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಬೆಂಗಳೂರು ನಗರ ಮತ್ತು ಸುತ್ತಲಿನ ಗ್ರಾಮಾಂತರದ 2,329 ವಯಸ್ಕರನ್ನು ಸಂದರ್ಶಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿಂದಿನ ಒಂದು ವರ್ಷದಲ್ಲಿ ತಲೆನೋವು ಅನುಭವಿಸಿದವರು ಶೇ 63.9ರಷ್ಟಿದ್ದು, ಅರೆತಲೆನೋವು ಎಂದು ಕರೆಯುವ ಮೈಗ್ರೇನ್ ಸುಮಾರು ಕಾಲುಭಾಗ ಜನರಲ್ಲಿ ಕಂಡುಬಂದಿತ್ತು. ಬಿದ್ದ ಪೆಟ್ಟು ಈ ಸೀಮೆಯ ಅನೇಕರಲ್ಲಿ ಮೊದಲೇ ಮಲಗಿದ್ದ ನೋವನ್ನು ಎಬ್ಬಿಸುತ್ತಿರಬಹುದು ಎಂಬುದನ್ನು ಈ ಅಂಕಿಗಳು ಸೂಚಿಸುತ್ತವೆ.

ಗಾಯ ಕಾಣದಿದ್ದರೂ ನೋಯುವುದೇಕೆ ಎಂಬ ಪ್ರಶ್ನೆಗೆ ಉತ್ತರ ಮೆದುಳಿನ ರಚನೆಯಲ್ಲಿದೆ. ಮೆದುಳಿನ ಅಂಗಾಂಶಕ್ಕೆ ತನ್ನಷ್ಟಕ್ಕೆ ನೋವಿನ ಅರಿವಿಲ್ಲ. ನೋಯುವುದು ಅದನ್ನು ಸುತ್ತಿದ ಹೊದಿಕೆಗಳು, ಆ ಹೊದಿಕೆಗಳಲ್ಲಿ ಹರಿಯುವ ರಕ್ತನಾಳಗಳು, ನೆತ್ತಿಯ ಚರ್ಮ ಮತ್ತು ಕತ್ತಿನ ಸ್ನಾಯು–ಕೀಲುಗಳು. ಓಡುತ್ತಿದ್ದ ತಲೆ ಥಟ್ಟನೆ ನಿಂತಾಗ ಬುರುಡೆಯೊಳಗಿನ ಮೃದುವಾದ ಮೆದುಳು, ಬಿಂದಿಗೆಯನ್ನು ತಟ್ಟನೆ ಇಳಿಸಿದಾಗ ಒಳಗಿನ ನೀರು ತುಳುಕುವಂತೆ ತುಳುಕುತ್ತದೆ. ಆ ಎಳೆತಕ್ಕೆ ನರಕೋಶಗಳ ಉದ್ದನೆಯ ಎಳೆಗಳು ಹಿಗ್ಗಿ, ಕೋಶದೊಳಗಿನ ಲವಣಗಳ ಸಮತೋಲ ಕೆಟ್ಟು, ಅದನ್ನು ಸರಿಪಡಿಸಲು ಮೆದುಳು ಮಾಮೂಲಿಗಿಂತ ಹೆಚ್ಚು ಶಕ್ತಿಯನ್ನು ಕೆಲವು ಕಾಲ ವ್ಯಯಿಸಬೇಕಾಗುತ್ತದೆ. ಇದೇ ವೇಳೆ ಮುಖ ಮತ್ತು ಮೆದುಳಿನ ಹೊದಿಕೆಗಳಿಂದ ನೋವಿನ ಸುದ್ದಿ ಒಯ್ಯುವ ಟ್ರೈಜೆಮಿನಲ್ ಎಂಬ ನರ ಕೆರಳಿ, ಅದು ಸ್ರವಿಸುವ ಸಿ.ಜಿ.ಆರ್.ಪಿ. ಎಂಬ ರಾಸಾಯನಿಕವು ರಕ್ತನಾಳಗಳನ್ನು ಹಿಗ್ಗಿಸಿ ನೋವಿನ ದಾರಿಯನ್ನು ಸಲೀಸುಗೊಳಿಸುತ್ತದೆ. ಸುದ್ದಿ ಪದೇ ಪದೇ ಬಂದಂತೆ ಮಿದುಳುಕಾಂಡದಲ್ಲಿರುವ ಅದರ ಠಾಣೆಗಳು ಅತಿ ಸೂಕ್ಷ್ಮವಾಗಿ, ಮೊದಲು ನೋವೆನಿಸದಿದ್ದ ಬಿಸಿಲು, ಸದ್ದು, ವಾಸನೆಗಳು ಕೂಡ ನೋವಾಗಿ ತೋರತೊಡಗುತ್ತವೆ. ಕತ್ತಿನ ಮೇಲ್ಭಾಗದ ನರಗಳು ಇದೇ ಠಾಣೆಗೆ ಬಂದು ಸೇರುವುದರಿಂದ, ಪೆಟ್ಟಿನ ಕ್ಷಣದಲ್ಲಿ ಉಳುಕಿದ ಕತ್ತು ಕೂಡ ಹಣೆಯಲ್ಲಿ ನೋಯಬಲ್ಲದು.

ಹಳ್ಳಿಯ ಜನ ನೋವನ್ನು ಬಣ್ಣಿಸುವ ಮಾತುಗಳಲ್ಲೇ ಈ ಭೇದಗಳು ಅಡಗಿರುವುದನ್ನು ಗಮನಿಸಬೇಕು. ‘ತಲೆ ಸಿಡಿತದೆ’ ಎಂದು ಹೇಳಿ ಒಂದು ಪಕ್ಕವನ್ನು ಒತ್ತಿಹಿಡಿದು, ಬೆಳಕು ಬೇಡವೆಂದು ಕತ್ತಲ ಕೋಣೆ ಸೇರಿ, ಹೊಟ್ಟೆ ತೊಳಸುತ್ತದೆ ಎನ್ನುವವರ ನೋವು ಮೈಗ್ರೇನ್ ಬಗೆಯದು. ‘ತಲೆ ಭಾರ, ಪಟ್ಟಿ ಕಟ್ಟಿದ ಹಾಗಿದೆ’ ಎನ್ನುವವರದು ಸ್ನಾಯುಗಳ ಬಿಗಿತದ ಬಗೆಯದು; ‘ಕತ್ತಿಂದ ಹತ್ತಿಕೊಂಡು ಬರ್ತದೆ’ ಎನ್ನುವವರದು ಕತ್ತಿನಲ್ಲಿ ಹುಟ್ಟಿದ್ದು. ಚಿಕಿತ್ಸೆ ನಿರ್ಧಾರವಾಗುವುದು ಪೆಟ್ಟು ಹೇಗೆ ಬಿತ್ತೆಂಬುದಕ್ಕಿಂತ ಹೆಚ್ಚಾಗಿ ನೋವು ಈ ಮೂರರಲ್ಲಿ ಯಾವುದನ್ನು ಹೋಲುತ್ತದೆ ಎಂಬುದರ ಮೇಲೆ. ಹೀಗಿರುವಾಗ ರೋಗಿಯ ಮಾತನ್ನು ಅರ್ಧಕ್ಕೆ ತಡೆದು ಬರೀ ಸ್ಕ್ಯಾನಿನ ಹಾಳೆಯನ್ನು ಮಾತ್ರ ನೋಡುವುದು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕಥೆಯಾಗುತ್ತದೆ.

ಸ್ಕ್ಯಾನ್ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದರ ಅರಿವಿಲ್ಲದೆ ಬಹಳಷ್ಟು ಕುಟುಂಬಗಳು ಹಣವನ್ನೂ ನೆಮ್ಮದಿಯನ್ನೂ ಕಳೆದುಕೊಳ್ಳುತ್ತವೆ. 1971ರಲ್ಲಿ ಮೊದಲ ರೋಗಿಯ ತಲೆಯನ್ನು ಚಿತ್ರಿಸಿದ ಸಿ.ಟಿ. ಯಂತ್ರವು ಬುರುಡೆಯ ಬಿರುಕನ್ನೂ ರಕ್ತಸ್ರಾವವನ್ನೂ ಊತವನ್ನೂ ನಿಮಿಷಗಳಲ್ಲಿ ತೋರಿಸಿ ಅಸಂಖ್ಯ ಜೀವಗಳನ್ನು ಉಳಿಸಿದೆ. ಆದರೆ ಹಿಗ್ಗಿದ ನರತಂತುಗಳೂ ಕೆರಳಿದ ನೋವಿನ ಠಾಣೆಗಳೂ ಅದರ ಕಣ್ಣಿಗೆ ಬೀಳುವಷ್ಟು ದೊಡ್ಡವಲ್ಲ. ಸ್ಕ್ಯಾನಿನಲ್ಲಿ ಏನೂ ಇಲ್ಲವೆಂದರೆ ಜೀವಕ್ಕೆ ಕುತ್ತಾಗುವ ರಕ್ತಸ್ರಾವ ಇಲ್ಲವೆಂಬ ಶುಭಸುದ್ದಿ ಅಷ್ಟೇ ಹೊರತು ನೋವು ಇಲ್ಲವೆಂಬ ತೀರ್ಪಾಗದು. ಕಾಣದ ಗಾಯವನ್ನು ನಂಬುವುದೋ ಬಿಡುವುದೋ ಎಂಬ ಜಗಳವೂ ಹೊಸದೇನಲ್ಲ: ಲಂಡನ್ನಿನ ಶಸ್ತ್ರವೈದ್ಯ ಜಾನ್ ಎರಿಕ್ ಎರಿಕ್ಸನ್ 1866ರಲ್ಲೇ ರೈಲು ಅಪಘಾತಗಳಲ್ಲಿ ಬದುಕುಳಿದು ಹೊರಗೆ ಗಾಯವಿಲ್ಲದಿದ್ದರೂ ತಲೆನೋವು, ಮರೆವು, ನಿದ್ರಾಹೀನತೆಗಳಿಂದ ಬಳಲುವವರ ಬಗೆಗೆ ಗ್ರಂಥ ಬರೆದಾಗ, ಅದು ನರಗಳ ಪೆಟ್ಟೋ ಪರಿಹಾರದ ಹಣಕ್ಕಾಗಿ ಹೂಡಿದ ಆಟವೋ ಎಂದು ಯೂರೋಪಿನ ವೈದ್ಯರು ದಶಕಗಳ ಕಾಲ ವಾದಿಸಿದರು. ಕನ್ನಡದಲ್ಲಿ ‘ತಲೆನೋವು’ ಎಂಬ ಪದವೇ ಕಿರಿಕಿರಿಗೆ ಇನ್ನೊಂದು ಹೆಸರಾಗಿ ಬಳಕೆಯಾಗುವುದರಿಂದ, ಆ ಹೆಸರಿನ ಕಾಯಿಲೆ ಹೊತ್ತವರನ್ನೂ ನೆಪಗಾರರೆಂದು ಭಾವಿಸುವುದು ಇಲ್ಲಿ ಇನ್ನಷ್ಟು ಸುಲಭ.

ಹಾಗೆಂದು ಎಲ್ಲ ತಲೆನೋವನ್ನೂ ಕಾದು ನೋಡಬಹುದೆಂದು ಯಾರೂ ತಿಳಿಯಬಾರದು. ಪೆಟ್ಟು ಬಿದ್ದ ಮೇಲೆ ನೋವು ಗಂಟೆಗಂಟೆಗೆ ಏರುತ್ತಾ ಹೋಗುವುದು, ಪದೇ ಪದೇ ವಾಂತಿ, ಎಬ್ಬಿಸಲಾಗದಂತಹ ಮಂಪರು, ಫಿಟ್ಸ್, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು, ಮೂಗು ಅಥವಾ ಕಿವಿಯಿಂದ ತಿಳಿನೀರು ಸುರಿಯುವುದು ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಬೇಕು. ವಾರಗಳ ನಂತರ ತಲೆದೋರುವ ಅಪಾಯವೊಂದು ವಯಸ್ಸಾದವರದು. ವಯಸ್ಸಿನೊಂದಿಗೆ ಮೆದುಳು ಕುಗ್ಗಿ ಬುರುಡೆಗೂ ಮೆದುಳಿಗೂ ನಡುವೆ ಹಾಯುವ ಸಣ್ಣ ಸಿರೆಗಳು ಬಿಗಿದು ನಿಂತಿರುವುದರಿಂದ, ಬಚ್ಚಲಲ್ಲಿ ಜಾರಿದಂತಹ ಅಲ್ಪ ಪೆಟ್ಟಿಗೂ ಅವು ಹರಿದು, ರಕ್ತ ತೊಟ್ಟುತೊಟ್ಟಾಗಿ ಸೇರಿ, ಮೂರು ವಾರಗಳೋ ಅದಕ್ಕಿಂತ ಹೆಚ್ಚೋ ಕಳೆದ ಮೇಲೆ ತಲೆನೋವು, ನಡಿಗೆಯ ತಡವರಿಕೆ, ಮಂಕು ಕಾಣಿಸಿಕೊಳ್ಳುತ್ತವೆ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರಿಗೂ ದೀರ್ಘಕಾಲದಿಂದ ಮದ್ಯ ಸೇವಿಸುವವರಿಗೂ ಈ ಅಪಾಯ ಹೆಚ್ಚು. ಅಜ್ಜನಿಗೆ ಅರಳುಮರಳು ಎಂದು ಮನೆಯವರು ಕೈಬಿಡುವ ಈ ಸ್ಥಿತಿ ಬುರುಡೆಗೆ ಸಣ್ಣ ರಂಧ್ರ ಕೊರೆದು ರಕ್ತ ಹರಿಸುವ ಶಸ್ತ್ರಚಿಕಿತ್ಸೆಯಿಂದ ಬಹಳಷ್ಟು ಸಂದರ್ಭಗಳಲ್ಲಿ ಗುಣವಾಗುತ್ತದೆ. ಇಂತಹವರಿಗೆ ಎರಡನೆಯ ಸ್ಕ್ಯಾನ್ ಖಂಡಿತ ಬೇಕು. ನಿಂತಾಗ ಹೆಚ್ಚಾಗಿ ಮಲಗಿದಾಗ ಇಳಿಯುವ ನೋವು ಮೆದುಳಿನ ಸುತ್ತಲ ದ್ರವ ಎಲ್ಲೋ ಸೋರುತ್ತಿರುವುದರ ಸೂಚನೆಯಾಗಿರಬಹುದಾದ್ದರಿಂದ ಅದನ್ನೂ ವೈದ್ಯರಿಗೆ ಬಿಡಿಸಿ ಹೇಳಬೇಕು.

ಅಪಾಯದ ಸೂಚನೆಗಳಿಲ್ಲದ, ಆದರೆ ಬಿಡದ ನೋವನ್ನು ಪೋಷಿಸುವ ದೊಡ್ಡ ಕಾರಣ ಬಹುತೇಕ ಮನೆಗಳಲ್ಲಿ ದೇವರ ಗೂಡಿನ ಪಕ್ಕದ ಡಬ್ಬಿಯಲ್ಲೇ ಇರುತ್ತದೆ. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ನೋವಿನ ಮಾತ್ರೆಯನ್ನು ಬೆಳಿಗ್ಗೆ ಒಂದು, ಕೆಲಸಕ್ಕೆ ಹೋಗುವ ಮುನ್ನ ಒಂದು ಎಂದು ದಿನವೂ ನುಂಗುತ್ತಾ ಹೋದರೆ, ನೋವಿನ ಠಾಣೆಗಳು ಮಾತ್ರೆಗೇ ಒಗ್ಗಿಕೊಂಡು, ಅದರ ಪ್ರಭಾವ ಇಳಿದ ಕೂಡಲೇ ಮತ್ತೆ ನೋವನ್ನು ಹುಟ್ಟಿಸತೊಡಗುತ್ತವೆ. ಇದನ್ನು ಔಷಧದ ಅತಿಬಳಕೆಯ ತಲೆನೋವು ಎನ್ನುತ್ತಾರೆ. ಇದಕ್ಕೂ ಸ್ಪಷ್ಟವಾದ ಎಣಿಕೆಯಿದೆ: ಪ್ಯಾರಸಿಟಮಾಲ್, ಐಬುಪ್ರೊಫೆನ್‌ನಂತಹ ಸಾಧಾರಣ ಮಾತ್ರೆಗಳನ್ನು ತಿಂಗಳಿಗೆ 15 ಅಥವಾ ಹೆಚ್ಚು ದಿನ, ಕೆಫೀನ್ ಮುಂತಾದವು ಬೆರೆತ ಸಂಯುಕ್ತ ಮಾತ್ರೆಗಳನ್ನಾಗಲಿ ಟ್ರಿಪ್ಟಾನ್ ಎಂಬ ಮೈಗ್ರೇನ್ ಔಷಧಗಳನ್ನಾಗಲಿ ತಿಂಗಳಿಗೆ 10 ಅಥವಾ ಹೆಚ್ಚು ದಿನ, 3 ತಿಂಗಳು ಮೀರಿ ಬಳಸುವವರು ಈ ಬಲೆಗೆ ಬೀಳುತ್ತಾರೆ. ಎಷ್ಟು ಮಾತ್ರೆ ನುಂಗಿದರೆಂಬುದಕ್ಕಿಂತ ಎಷ್ಟು ದಿನ ನುಂಗಿದರೆಂಬುದು ಇಲ್ಲಿ ಮುಖ್ಯ. ಮಾತ್ರೆ ನಿಲ್ಲಿಸಿದ ಮೊದಲ ದಿನಗಳಲ್ಲಿ ನೋವು ಒಮ್ಮೆ ಕೆರಳುವುದು ಸಹಜವಾಗಿದ್ದು, ಅದನ್ನು ಮುಂಚಿತವಾಗಿ ತಿಳಿಸದೆ ‘ಮಾತ್ರೆ ಬಿಡಿ’ ಎಂದಷ್ಟೇ ಹೇಳಿ ಕಳಿಸಿದರೆ ರೋಗಿ ಎರಡನೆಯ ದಿನವೇ ಅಂಗಡಿಗೆ ಮರಳುತ್ತಾನೆ. ಹಣೆಗೆ ಶುಂಠಿ ಪಟ್ಟು ಹಾಕುವುದರಿಂದ, ಮುಲಾಮು ಹಚ್ಚುವುದರಿಂದ, ದೃಷ್ಟಿ ತೆಗೆಯುವುದರಿಂದ ಇಂತಹ ಬಲೆ ಉಂಟಾಗುವುದಿಲ್ಲವಾದ್ದರಿಂದ ಅವುಗಳ ಮೇಲೆ ಹರಿಹಾಯುವ ಅಗತ್ಯವಿಲ್ಲ. ಚರ್ಮ ಸುಡುವಂತೆ ಬರೆ ಹಾಕುವುದನ್ನು ಮಾತ್ರ ನಿಲ್ಲಿಸಬೇಕು.

ಎರಡನೆಯ ತಪ್ಪು ವಿಶ್ರಾಂತಿಯ ಹೆಸರಿನಲ್ಲಿ ನಡೆಯುತ್ತದೆ. ತಲೆಗೆ ಪೆಟ್ಟು ಬಿದ್ದವರನ್ನು ವಾರಗಟ್ಟಲೆ ಕತ್ತಲ ಕೋಣೆಯಲ್ಲಿ ಮಲಗಿಸಬೇಕೆಂಬ ನಂಬಿಕೆ ವೈದ್ಯರಲ್ಲೂ ಒಂದು ಕಾಲಕ್ಕೆ ಇತ್ತು. ಆಟಗಾರರ ತಲೆಪೆಟ್ಟಿನ ಬಗೆಗೆ 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದ ಒಮ್ಮತವು ಅದನ್ನು ತಳ್ಳಿಹಾಕಿ, ಮೊದಲ 24ರಿಂದ 48 ಗಂಟೆಗಳ ಸಾಧಾರಣ ವಿಶ್ರಾಂತಿಯ ನಂತರ ನಡಿಗೆಯಂತಹ ಹಗುರ ಚಟುವಟಿಕೆಗೆ ಮರಳುವುದೇ ಒಳಿತೆಂದು ಹೇಳಿತು. ಹತ್ತರ ಅಳತೆಯಲ್ಲಿ ನೋವು ಎರಡು ಅಂಕಕ್ಕಿಂತ ಹೆಚ್ಚು ಏರದೆ, ಏರಿದ್ದು ಒಂದು ಗಂಟೆಯೊಳಗೆ ಇಳಿಯುವಷ್ಟು ಕೆಲಸವನ್ನು ನಿರ್ಭಯವಾಗಿ ಮಾಡಬಹುದು, ಅದಕ್ಕೆ ಮೀರಿದರೆ ಆ ದಿನಕ್ಕೆ ಅಲ್ಲಿಗೆ ನಿಲ್ಲಿಸಿ ಮರುದಿನ ಮುಂದುವರಿಸಬಹುದು ಎಂಬ ಅದರ ಸೂತ್ರ ಆಟದ ಮೈದಾನಕ್ಕೆಂದು ರೂಪುಗೊಂಡಿದ್ದರೂ ಹೊಲದ ಕೆಲಸಕ್ಕೂ ಚೆನ್ನಾಗಿ ಹೊಂದುತ್ತದೆ. ಉಯ್ಯಂಬಳ್ಳಿಯ ರೈತ ಕುಟುಂಬವೊಂದಕ್ಕೆ ಇದನ್ನು ಅನ್ವಯಿಸುವುದಾದರೆ, ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು ಮೊದಲ ವಾರಗಳ ಕೆಲಸವಾಗಬಹುದು, ಸೊಪ್ಪಿನ ಹೊರೆಯನ್ನು ತಲೆಯ ಮೇಲೆ ಹೊರುವುದು ಕೊನೆಗೆ ಬರಬೇಕು. ಸಿಂಬೆ ಇಟ್ಟುಕೊಂಡರೂ ಹೊರೆಯ ಭಾರ ಬೀಳುವುದು ಉಳುಕಿದ ಕತ್ತಿನ ಮೇಲೆಯೇ ಆದ್ದರಿಂದ ಅಲ್ಲಿಯವರೆಗೆ ಗಾಡಿಯೋ ಬೈಕೋ ಆ ಕೆಲಸ ಮಾಡಲಿ. ಸಾಕಣೆ ಮನೆಯನ್ನು ಬ್ಲೀಚಿಂಗ್ ಪೌಡರ್ ಮೊದಲಾದವುಗಳಿಂದ ಸೋಂಕುಮುಕ್ತಗೊಳಿಸುವ ದಿನ ಅದರ ಘಾಟು ಮೈಗ್ರೇನ್ ಬಗೆಯ ನೋವನ್ನು ಕೆರಳಿಸಬಲ್ಲದಾದ್ದರಿಂದ ಅಂದಿನ ಕೆಲಸವನ್ನು ಮನೆಯ ಇನ್ನೊಬ್ಬರಿಗೆ ಬಿಟ್ಟುಕೊಡಬೇಕು.

ನಿದ್ದೆಯ ವಿಷಯದಲ್ಲಿ ರೇಷ್ಮೆ ಸೀಮೆಯ ಕಷ್ಟ ವಿಶೇಷವಾದದ್ದು. ನಾಲ್ಕನೆಯ ಜ್ವರದಿಂದ, ಅಂದರೆ ಪೊರೆ ಕಳಚುವ ಹಂತದಿಂದ, ಎದ್ದ ಹುಳುಗಳು ತಮ್ಮ ಇಡೀ ಆಯುಷ್ಯದ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚನ್ನು ಕೊನೆಯ ಆರೆಂಟು ದಿನಗಳಲ್ಲೇ ತಿನ್ನುವುದರಿಂದ, ಆ ದಿನಗಳಲ್ಲಿ ಮನೆಮಂದಿ ಹೊತ್ತಿಗೆ ಸರಿಯಾಗಿ ಉಣ್ಣುವುದೂ ಇಲ್ಲ, ಮಲಗುವುದೂ ಇಲ್ಲ. ಹೊಟ್ಟೆ ಹಸಿದಿರುವುದು, ನಿದ್ದೆಗೆಡುವುದು, ನೀರು ಕುಡಿಯದೆ ಬಿಸಿಲಲ್ಲಿ ದುಡಿಯುವುದು ಈ ಮೂರೂ ಕೆರಳಿದ ನರಗಳಿಗೆ ಕಿಡಿ ತಾಗಿಸುವಂಥವು. ಪೆಟ್ಟು ಬಿದ್ದ ವರ್ಷ ಬೆಳೆಯೊಂದನ್ನು ಬಿಡುವುದು ಸಾಲದಲ್ಲಿರುವ ರೈತನಿಗೆ ಹೇಳಿದಷ್ಟು ಸುಲಭವಲ್ಲ. ಆದರೆ ಮೊಟ್ಟೆಯ ಪ್ರಮಾಣವನ್ನು ಕಡಿಮೆ ಮಾಡುವುದು, ನಡುರಾತ್ರಿಯ ಸೊಪ್ಪನ್ನು ಬೇರೆಯವರು ಹಾಕುವಂತೆ ಸರದಿ ಮಾಡಿಕೊಳ್ಳುವುದು ಸಾಧ್ಯ, ಮತ್ತು ಅದು ಯಾವ ಮಾತ್ರೆಗೂ ಕಡಿಮೆಯಿಲ್ಲದ ಚಿಕಿತ್ಸೆ.

ಇಷ್ಟೆಲ್ಲ ಮಾಡಿದ ಮೇಲೂ ತಿಂಗಳಿನಲ್ಲಿ ಹೆಚ್ಚು ದಿನ ನೋವು ಉಳಿದರೆ ತಡೆಗಟ್ಟುವ ಔಷಧಗಳ ಸರದಿ ಬರುತ್ತದೆ. ಇವು ಬಂದ ನೋವನ್ನು ಕಳೆಯುವ ಬದಲು ಬರುವ ನೋವಿನ ದಿನಗಳನ್ನು ಇಳಿಸುವುದಕ್ಕಾಗಿ ದಿನವೂ ಸೇವಿಸುವಂಥವು. ಈ ಬಗೆಯ ತಲೆನೋವಿಗೆಂದೇ ಪ್ರತ್ಯೇಕವಾಗಿ ರೂಪುಗೊಂಡ ಔಷಧ ಇನ್ನೂ ಇಲ್ಲವಾದ್ದರಿಂದ, ನೋವು ಯಾವುದನ್ನು ಹೋಲುತ್ತದೋ ಅದರ ಔಷಧವನ್ನೇ ವೈದ್ಯರು ಬಳಸುತ್ತಾರೆ: ನಿದ್ದೆ ಕೆಟ್ಟವರಿಗೆ ರಾತ್ರಿ ಅಲ್ಪ ಪ್ರಮಾಣದ ಅಮಿಟ್ರಿಪ್ಟಿಲಿನ್, ಮೈಗ್ರೇನ್ ಬಗೆಯ ನೋವಿಗೆ ಪ್ರೊಪ್ರನೊಲಾಲ್ ಅಥವಾ ಟೊಪಿರಮೇಟ್, ಕತ್ತಿನ ನೋವಿಗೆ ಭೌತಚಿಕಿತ್ಸೆ. ಪ್ರೊಪ್ರನೊಲಾಲ್ ಉಬ್ಬಸದವರಿಗೂ ಟೊಪಿರಮೇಟ್ ಗರ್ಭಿಣಿಯರಿಗೂ ಸಲ್ಲದು ಎಂಬಂತಹ ನಿಬಂಧನೆಗಳಿರುವುದರಿಂದ ಪಕ್ಕದ ಮನೆಯವರ ಚೀಟಿ ತೋರಿಸಿ ಇವನ್ನು ಕೊಳ್ಳುವಂತಿಲ್ಲ. ಇವುಗಳ ಫಲ ತಿಳಿಯಲು ಆರರಿಂದ ಎಂಟು ವಾರಗಳಾದರೂ ಬೇಕು. ವಾರದಲ್ಲಿ ವಾಸಿಯಾಗಲಿಲ್ಲವೆಂದು ವೈದ್ಯರನ್ನು ಬದಲಿಸುವವರು ಪ್ರತಿ ಸಲವೂ ಮೊದಲ ಮೆಟ್ಟಿಲಿನಿಂದಲೇ ಆರಂಭಿಸಬೇಕಾಗುತ್ತದೆ.

ಮನಸ್ಸಿನ ಪಾತ್ರದ ಬಗೆಗೆ ಮಾತಾಡುವಾಗ ಎಚ್ಚರ ಬೇಕು. ಲಿಥುವೇನಿಯಾ ದೇಶದಲ್ಲಿ ಹಿಂದಿನಿಂದ ವಾಹನ ಗುದ್ದಿದ ಅಪಘಾತಗಳಿಗೆ ಒಳಗಾದವರನ್ನು ಒಂದರಿಂದ ಮೂರು ವರ್ಷಗಳ ನಂತರ ಸಂದರ್ಶಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಅವರಲ್ಲಿ ಕತ್ತುನೋವು ಮತ್ತು ತಲೆನೋವು ಅಪಘಾತವಾಗದವರಿಗಿಂತ ಗಮನಾರ್ಹವಾಗಿ ಹೆಚ್ಚಿರಲಿಲ್ಲವೆಂದು ತೋರಿಸಿತು. ಇಂತಹ ಪೆಟ್ಟು ಬಹುಕಾಲ ನೋಯುತ್ತದೆಂಬ ನಿರೀಕ್ಷೆಯೂ ವಿಮೆಯ ವ್ಯಾಜ್ಯವೂ ಆಗ ಅಲ್ಲಿ ಹೆಚ್ಚಾಗಿ ಇರಲಿಲ್ಲ. ನೋವು ಸುಳ್ಳೆಂದು ಇದರಿಂದ ತೀರ್ಮಾನಿಸುವವರಿದ್ದಾರಾದರೂ, ನೋವಿನ ಠಾಣೆಗಳಿಗೆ ಮೆದುಳಿನ ಮೇಲ್ಭಾಗದಿಂದಲೂ ಆಜ್ಞೆಗಳು ಇಳಿದುಬರುತ್ತವೆ, ಭಯವೂ ಭರವಸೆಯೂ ಆ ಆಜ್ಞೆಗಳನ್ನು ತಿದ್ದಬಲ್ಲವು ಎಂದು ತಿಳಿಯುವುದೇ ಹೆಚ್ಚು ಸರಿ. ‘ಬಹಳಷ್ಟು ಮಂದಿಗೆ ಇದು ಕ್ರಮೇಣ ಇಳಿಯುತ್ತದೆ’ ಎಂದು ಮೊದಲ ದಿನವೇ ವಿವರಿಸಿ ಹೇಳುವ ಮಾತು ಈ ಅರ್ಥದಲ್ಲಿ ಚಿಕಿತ್ಸೆಯ ಭಾಗವೇ ಆಗಿದೆ. ‘ತಲೆಗೆ ಏಟು ಬಿದ್ದವನು, ಇನ್ನು ಮೊದಲಿನ ಹಾಗೆ ಆಗಲ್ಲ’ ಎಂದು ನೆಂಟರು ಮಂಚದ ಸುತ್ತ ಕೂತು ಆಡುವ ಮಾತು ಅದೇ ಅರ್ಥದಲ್ಲಿ ಕಾಯಿಲೆಯ ಭಾಗ. ಮುಂಗೋಪ, ಮರೆವು, ಯಾವುದರಲ್ಲೂ ಮನಸ್ಸಿಲ್ಲದಿರುವಿಕೆಗಳು ಜೊತೆಗೂಡಿದರೆ ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ವ್ಯವಸ್ಥೆಯೂ ಇಲ್ಲಿ ತನ್ನ ಎಣಿಕೆಯನ್ನು ತಿದ್ದಿಕೊಳ್ಳಬೇಕಿದೆ. ಕರ್ನಾಟಕದಲ್ಲಿ 2016ರಲ್ಲಿ ಆರಂಭವಾದ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ರಸ್ತೆ ಅಪಘಾತದ ಗಾಯಾಳುಗಳ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿಗಳವರೆಗೆ ನೆರವಾಗುವಂತೆ ರೂಪುಗೊಂಡಿತು. ಕೇಂದ್ರ ಸರ್ಕಾರ 2025ರಲ್ಲಿ ಜಾರಿಗೆ ತಂದ ನಗದುರಹಿತ ಚಿಕಿತ್ಸಾ ಯೋಜನೆ 7 ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಗಳ ಚಿಕಿತ್ಸೆ ಒದಗಿಸುತ್ತದೆ. ಜೀವ ಉಳಿಸುವುದಕ್ಕೆ ಇವೆರಡೂ ಸರಿಯಾದ ಗಡುವುಗಳೇ. ಆದರೆ ನಿರಂತರ ತಲೆನೋವೆಂಬ ಹೆಸರು ಹುಟ್ಟುವುದೇ 3 ತಿಂಗಳ ನಂತರವಾದ್ದರಿಂದ, ಆ ಹೊತ್ತಿಗೆ ಯೋಜನೆಗಳ ಕಡತ ಮುಚ್ಚಿರುತ್ತದೆ, ಆಸ್ಪತ್ರೆಯ ಬಿಡುಗಡೆ ಚೀಟಿ ಎಲ್ಲೋ ಕಳೆದುಹೋಗಿರುತ್ತದೆ, ರೋಗಿ ಮಾತ್ರೆ ಅಂಗಡಿಯ ಗಿರಾಕಿಯಾಗಿ ಉಳಿದಿರುತ್ತಾನೆ. ನಿಮ್ಹಾನ್ಸ್ ಸಹಯೋಗದಲ್ಲಿ ರಾಜ್ಯವು 2022ರಲ್ಲಿ ಆರಂಭಿಸಿದ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮವು ಪಾರ್ಶ್ವವಾಯು, ಮೂರ್ಛೆರೋಗ, ಮರೆವಿನ ಕಾಯಿಲೆಗಳ ಜೊತೆ ತಲೆನೋವನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ನೀಡುವುದನ್ನೂ ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಕ್ಲಿನಿಕ್ ತೆರೆಯುವುದನ್ನೂ ಉದ್ದೇಶಿಸಿರುವುದು ಈ ದಿಕ್ಕಿನಲ್ಲಿ ಸರಿಯಾದ ಹೆಜ್ಜೆ. ತಲೆಗೆ ಪೆಟ್ಟು ಬಿದ್ದು ಮನೆಗೆ ಮರಳಿದ ಪ್ರತಿಯೊಬ್ಬರನ್ನೂ ಆಶಾ ಕಾರ್ಯಕರ್ತೆಯೊಬ್ಬರು ಮೂರನೆಯ ತಿಂಗಳಲ್ಲಿ ಒಮ್ಮೆ ‘ತಲೆನೋವು ಉಳಿದಿದೆಯೇ, ಎಷ್ಟು ದಿನ ಮಾತ್ರೆ ನುಂಗುತ್ತಿದ್ದೀರಿ’ ಎಂದು ಕೇಳುವ ಪದ್ಧತಿ ಬಂದರೆ, ಕನಕಪುರ ದಾಟಿ ನಿಮ್ಹಾನ್ಸ್‌ನ ಸಾಲಿನಲ್ಲಿ ನಿಲ್ಲಬೇಕಾದವರ ಸಂಖ್ಯೆ ಕಡಿಮೆಯಾಗುತ್ತದೆಂದು ಈ ಅಂಕಣ ಭಾವಿಸುತ್ತದೆ.

ಗಾದೆಯ ತಲೆಪಾಗು ಈಗ ಹೆಲ್ಮೆಟ್ ಆಗಿದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆಯ ಪ್ರಕಾರ, ಬೈಕ್ ಸವಾರರಲ್ಲಿ ಹೆಲ್ಮೆಟ್ ಸಾವಿನ ಅಪಾಯವನ್ನು ಶೇ 42ರಷ್ಟು, ತಲೆಪೆಟ್ಟಿನ ಅಪಾಯವನ್ನು ಶೇ 69ರಷ್ಟು ತಗ್ಗಿಸುತ್ತದೆ. ಬುರುಡೆಯೊಳಗೆ ಮೆದುಳು ತುಳುಕುವುದನ್ನು ಅದು ಪೂರ್ತಿ ತಡೆಯಲಾರದಾದರೂ ತುಳುಕುವ ರಭಸವನ್ನು ತಗ್ಗಿಸುತ್ತದೆ. ಪೊಲೀಸರ ಕಣ್ಣಿಗೆಂದು ತೊಡುವ ಅರ್ಧ ಹೆಲ್ಮೆಟ್ಟಿಗೆ ಈ ಗುಣವಿಲ್ಲ.

ಹೆಲ್ಮೆಟ್ ತೊಡದೆಯೋ ತೊಟ್ಟೂ ಪೆಟ್ಟು ತಿಂದೋ ನೋವಿನೊಂದಿಗೆ ಉಳಿದವರಿಗೆ ಬೇಕಾದ ಮುಖ್ಯ ಸಾಧನ ಮನೆಯ ಗೋಡೆಯ ಮೇಲೆಯೇ ತೂಗುತ್ತಿರುತ್ತದೆ. ಮರಿಹುಳುಗಳ ಚಾಕಿ ಕಟ್ಟಿದ ದಿನ, ಜ್ವರಕ್ಕೆ ಕೂತ ದಿನ, ಎದ್ದ ದಿನ, ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟ ದಿನಗಳನ್ನು ತಪ್ಪದೆ ಲೆಕ್ಕವಿಡುವ ರೈತನಿಗೆ ಹೊಸ ವಿದ್ಯೆಯೇನೂ ಬೇಕಿಲ್ಲ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ನೋವು ಬಂದ ದಿನಕ್ಕೊಂದು ಸುತ್ತು, ಕೆಲಸ ಬಿಟ್ಟು ಮಲಗಿಸಿದ ನೋವಾದರೆ ಎರಡು ಸುತ್ತು, ಮಾತ್ರೆ ನುಂಗಿದ ದಿನಕ್ಕೊಂದು ಗೀಟು ಎಳೆದು, ಹಿಂದಿನ ರಾತ್ರಿಯ ನಿದ್ದೆ ಕೆಟ್ಟಿದ್ದರೆ ಒಂದು ಚುಕ್ಕೆ ಇಟ್ಟರೆ ಸಾಕು. ತಿಂಗಳ ಕೊನೆಗೆ ಗೀಟುಗಳನ್ನು ಎಣಿಸಿದಾಗ ಅವು 10 ಮುಟ್ಟಿದ್ದರೆ ಎಚ್ಚರ, 15 ಮುಟ್ಟಿದ್ದರೆ ಮಾತ್ರೆಯೇ ಶಂಕಿತ. ಚುಕ್ಕೆಯ ಪಕ್ಕದಲ್ಲೇ ಸುತ್ತುಗಳು ಗುಂಪುಗೂಡಿದ್ದರೆ ಕೆಡುಕು ನಿದ್ದೆಯಲ್ಲಿದೆ. ಸ್ಕ್ಯಾನಿನ ಕಣ್ಣಿಗೆ ಬೀಳದ ಗಾಯ ವೈದ್ಯರಿಗೆ ಕಾಣುವುದು ಈ ಹಾಳೆಯಲ್ಲಿ. ವಾಸಿಯಾಗುವುದೂ ಮೊದಲು ಅಲ್ಲಿಯೇ ತಿಳಿಯುತ್ತದೆ: ನೋವು ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಮಾಯವಾಗುವುದು ಅಪರೂಪವಾದ್ದರಿಂದ, ನೋಯುತ್ತಿರುವ ತಲೆಗೆ ಎಲ್ಲ ದಿನಗಳೂ ಒಂದೇ ಎನಿಸುತ್ತಿರುವಾಗಲೇ ಯುಗಾದಿಯ ತಿಂಗಳಲ್ಲಿ 22 ಇದ್ದ ಸುತ್ತುಗಳು ಭೀಮನ ಅಮಾವಾಸ್ಯೆಯ ಹೊತ್ತಿಗೆ 13ಕ್ಕೆ ಇಳಿದಿರಬಹುದು, ಮತ್ತು ಅದನ್ನು ಮೊದಲು ಕಾಣುವವರು ಹಾಲಿನ ಲೆಕ್ಕ ಕೂಡಲು ಕ್ಯಾಲೆಂಡರ್ ಕೆಳಗಿಳಿಸಿದ ಮನೆಯವರೇ ಆಗಿರಬಹುದು.